ಘಾಟಿ, ಬೈಕು ಮತ್ತು ಒಂದು ರಾತ್ರಿಯ ಅಂಗಳ

ಮಲೆನಾಡಿನಲ್ಲಿ ಯಾರದ್ದೂ ಅಲ್ಲದ ಜಾಗ ಎಂಬುದಿಲ್ಲ. ಬೈಕಿಗೆ ಟೆಂಟ್ ಕಟ್ಟಿಕೊಂಡು ಹೊರಡುವವರು ಮೊದಲು ತಿಳಿಯಬೇಕಾದ್ದು ಇದು. ರಸ್ತೆಯಿಂದ ಕಾಣುವ ಆ ಹುಲ್ಲುಗುಡ್ಡ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅದರ ಮಡಿಲಿನ ಕಾನು ಮೀಸಲು ಅರಣ್ಯ. ರಸ್ತೆಯ ಈಚೆಗಿನದು ಕಾಫಿ ತೋಟ; ಬೇಲಿ ಕಾಣದಿದ್ದರೂ ಅದಕ್ಕೊಬ್ಬ ಯಜಮಾನನಿದ್ದಾನೆ. ಹೊಳೆಯಂಚಿನ ಮರಳು ಮಳೆ ಬಂದಾಗ ಹೊಳೆಯದ್ದು. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ರಾತ್ರಿಯಾದರೆ ತೋಟದ ದಾರಿಗಳು ಆನೆಗಳವು.

ಕಾನೂನೂ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಇಂಥ ಕಾಡಿನೊಳಗೆ ಹೋಗುವುದು, ಬೆಂಕಿ ಹಾಕುವುದು ಅಪರಾಧ. ‘ಎಲ್ಲಾದರೂ ಸರಿ, ಸಂಜೆ ಆದಲ್ಲಿ ಟೆಂಟ್ ಹಾಕಿದರಾಯ್ತು’ ಎಂಬ ಮಾತು ಬೇರೆ ಯಾವ ಊರಿಗೆ ಒಗ್ಗುತ್ತದೋ ಗೊತ್ತಿಲ್ಲ, ನಮ್ಮ ಪಶ್ಚಿಮಘಟ್ಟಕ್ಕಂತೂ ಒಗ್ಗುವುದಿಲ್ಲ. ಇಲ್ಲಿ ಟೆಂಟ್ ಹಾಕಬೇಕೆಂದರೆ ಕೇಳಬೇಕು. ಕೇಳಿದರೆ ಸಿಗುತ್ತದೆ ಎಂಬುದು ನನ್ನ ಅನುಭವ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ದಸರಾ ರಜೆ ಬಂತೆಂದರೆ ನಾನು, ನನ್ನ ತಮ್ಮ ಎರಡು ಬೈಕಿನಲ್ಲಿ ಹೊರಡುತ್ತೇವೆ. ನನ್ನದು ಎಕ್ಸ್‌ಪಲ್ಸ್, ಅವನದು ಹಳೆಯ ಸ್ಪ್ಲೆಂಡರ್. ಅಡುಗೆ ಸಾಮಾನೆಲ್ಲ ಸ್ಪ್ಲೆಂಡರ್ ಮೇಲೆಯೇ ಹೋಗುವುದು. ಇದಕ್ಕೆ ಮೂರು-ನಾಲ್ಕು ಲಕ್ಷದ ಗಾಡಿಯೇ ಆಗಬೇಕೆಂದು ತಿಳಿದು ಆಸೆ ಬಿಟ್ಟವರನ್ನು ಕಂಡಿದ್ದೇನೆ. ಹಾಗೇನೂ ಇಲ್ಲ. ಬ್ರೇಕು ಸರಿಯಿರಬೇಕು, ಟೈರಿನಲ್ಲಿ ಹಲ್ಲು ಉಳಿದಿರಬೇಕು, ಚೈನು ಸಡಿಲಾಗಿರಬಾರದು. ಜೊತೆಗೆ ಒಂದು ಕ್ಲಚ್ ಕೇಬಲ್, ಪಂಕ್ಚರ್ ಸಾಮಾನು ಇದ್ದರೆ 100 ಸಿಸಿ ಗಾಡಿಯೂ ಘಾಟಿ ಹತ್ತುತ್ತದೆ. ನಿಧಾನವಾಗಿ ಹತ್ತುತ್ತದೆ, ಅಷ್ಟೇ. ನಿಧಾನವಾದಷ್ಟೂ ನೋಡಲು ಸಿಗುವುದು ಹೆಚ್ಚು.

ನಮಗೆ ಮೆಚ್ಚುಗೆಯ ದಾರಿಯೊಂದಿದೆ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ, ಅಲ್ಲಿ ರಾತ್ರಿ. ಬೆಳಿಗ್ಗೆ ಸಂಸೆ, ಕುದುರೆಮುಖದ ಮೇಲಿಂದ ಮಾಳ ಘಾಟಿ ಇಳಿದು ಬಜಗೋಳಿ, ಬೆಳ್ತಂಗಡಿ, ಉಜಿರೆ. ಅಲ್ಲಿಂದ ಚಾರ್ಮಾಡಿ ಹತ್ತಿದರೆ ಮತ್ತೆ ಕೊಟ್ಟಿಗೆಹಾರ. ಒಂದು ಘಾಟಿ ಇಳಿದು ಇನ್ನೊಂದು ಘಾಟಿ ಹತ್ತುವ ಈ ಸುತ್ತಿನಲ್ಲಿ ಕಾಫಿ, ಅಡಿಕೆ, ಚಹಾ, ಶೋಲಾ ಕಾಡು, ಹುಲ್ಲುಗಾವಲು, ಕರಾವಳಿಯ ಸೆಕೆ ಎಲ್ಲವೂ ಸಿಗುತ್ತವೆ. ಹಾಸನದಿಂದ ಕಳಸಕ್ಕೆ ಒಂದೂವರೆ ನೂರು ಕಿಲೋಮೀಟರೂ ಇಲ್ಲ, ಆದರೂ ನಾವು ಬೆಳಿಗ್ಗೆಯೇ ಹೊರಡುತ್ತೇವೆ. ಕತ್ತಲಾಗುವ ಮುಂಚೆ, ಅಂದರೆ ನಾಲ್ಕು ಗಂಟೆಗೆಲ್ಲ, ತಂಗುವ ಜಾಗ ತಲುಪಿರಬೇಕು. ಬೆಟ್ಟದ ನೆರಳಿನಲ್ಲಿ ಬೇಗ ಕತ್ತಲಾಗುತ್ತದೆ. ಕತ್ತಲಲ್ಲಿ ಅಪರಿಚಿತರು ಬಾಗಿಲು ತಟ್ಟಿದರೆ ಯಾರಿಗೂ ಸಮಾಧಾನವಿರುವುದಿಲ್ಲ.

ಬೈಕಿಗೂ ನಮ್ಮ ಘಾಟಿಗಳಿಗೂ ನಂಟು ಇಂದಿನದಲ್ಲ. ನಮ್ಮ ಸೋದರಮಾವ ಬಣಕಲ್ ಹತ್ತಿರದ ತೋಟವೊಂದರಲ್ಲಿ ರೈಟರ್ ಆಗಿದ್ದರು. ಅವರಲ್ಲಿ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಬೈಕುಗಳು ಆ ಕಾಲದ ತೋಟಗಳಲ್ಲಿ, ಹಳ್ಳಿಗಳಲ್ಲಿ ಓಡದ ದಾರಿಯಿರಲಿಲ್ಲ. ಆ ಗಾಡಿಯ ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಮಾವ ಚಾರ್ಮಾಡಿ ಇಳಿಯುವಾಗ ಸುಮ್ಮನೆ ಆಗಾಗ ಆಕ್ಸಿಲರೇಟರ್ ತಿರುಗಿಸಿ ಬಿಡುತ್ತಿದ್ದರು. ಹಿಂದೆ ಕೂತ ನನಗೆ ಅದು ಬರೀ ಸದ್ದು. ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ. ಯೆಜ್ಡಿ ಟೂ-ಸ್ಟ್ರೋಕ್ ಗಾಡಿ. ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಉದ್ದಕ್ಕೂ ಇಳಿದರೆ ಪೆಟ್ರೋಲು ಕಡಿಮೆ ಹೋಗುತ್ತದೆ, ಅದರ ಜೊತೆ ಆಯಿಲೂ ಕಡಿಮೆಯಾಗುತ್ತದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಅದು ಒಣಗದಿರಲೆಂದು ಮಾವ ಹಾಗೆ ಮಾಡುತ್ತಿದ್ದರು.

ಈಗಿನ ಫೋರ್-ಸ್ಟ್ರೋಕ್ ಗಾಡಿಗಳಿಗೆ ಆ ಚಿಂತೆಯಿಲ್ಲ, ಇಳಿಜಾರಿನಲ್ಲಿ ಎಂಜಿನ್ ಹಿಡಿಯುವ ಹಿಡಿತವೂ ಹೆಚ್ಚು. ಘಾಟಿ ರಸ್ತೆಯ ಹಳೆಯ ಚಾಲಕರು ಹೇಳುವ ‘ಹತ್ತಿದ ಗೇರಿನಲ್ಲೇ ಇಳಿ’ ಎಂಬ ಮಾತಿನ ಬಲ ಇದೇ. ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ನ್ಯೂಟ್ರಲ್ ಮಾಡಿ, ಪೆಟ್ರೋಲು ಉಳಿಯಿತೆಂದು ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕು ಬಿಸಿಯಾಗಿ ಹಿಡಿತ ಬಿಡುತ್ತದೆ. ಹಿಂದೆ ಟೆಂಟು, ಹಾಸಿಗೆ, ಪಾತ್ರೆಯ ತೂಕ ಬೇರೆ ಇರುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ತಿರುವಿನ ಒಳಗೆ, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಮುಂದಿನ ಬ್ರೇಕು ಜೋರಾಗಿ ಹಿಡಿಯಬಾರದು. ಕಿರಿದಾದ ಘಾಟಿಯಲ್ಲಿ ಮೊದಲ ದಾರಿ ಹತ್ತಿಬರುವ ವಾಹನಕ್ಕೆ. ಆಗುಂಬೆಯ 14 ತಿರುವುಗಳಲ್ಲಿ ಬಸ್ಸು ಪೂರ್ತಿ ರಸ್ತೆ ಬಳಸಿ ತಿರುಗುವುದನ್ನು ಒಮ್ಮೆ ನಿಂತು ನೋಡಿದವರಿಗೆ ಇದನ್ನು ಮತ್ತೆ ಹೇಳಬೇಕಾಗಿಲ್ಲ.

ಲಗೇಜಿನ ವಿಚಾರಕ್ಕೆ ಒಂದೇ ಮಾತು: ಭಾರವಾದದ್ದು ಕೆಳಗೆ ಮತ್ತು ನಡುವೆ, ಹಗುರವಾದದ್ದು ಮೇಲೆ ಮತ್ತು ಹಿಂದೆ. ಅಕ್ಕಿ, ನೀರು, ಸ್ಟವ್ ಪಕ್ಕದ ಬ್ಯಾಗುಗಳಲ್ಲಿ. ಹೊದಿಕೆ, ಬಟ್ಟೆ ಸೀಟಿನ ಮೇಲೆ. ಬೆನ್ನಿಗೆ ಏನೂ ಬೇಡ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋದದ್ದು ನನಗೆ ನೆನಪಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಇದೇ ಊರಿನಲ್ಲಿ. ಒಂದು ಗಂಟೆ ಕಳೆಯಲು ಒಳ್ಳೆಯ ಜಾಗ. ಇಲ್ಲಿಂದ ನೇರ ಹೋದರೆ ಚಾರ್ಮಾಡಿ, ಬಲಕ್ಕೆ ಹೊರಳಿದರೆ ಕಳಸ.

ಕಳಸದ ಆಚೆ, ಭದ್ರಾ ಹೊಳೆಯಿಂದ ಸ್ವಲ್ಪ ಮೇಲೆ, ನಮಗೆ ಟೆಂಟ್ ಹಾಕಲು ಜಾಗ ಕೊಡುವ ಮನೆಯೊಂದಿದೆ. ಮೊದಲ ಸಲ ಹೋದಾಗ ನಮ್ಮ ಕಣ್ಣು ಇದ್ದದ್ದು ಹೊಳೆಬದಿಯ ಮೇಲೆ. ನುಣ್ಣನೆ ಮರಳು, ಸಮತಟ್ಟು ಜಾಗ, ಪಕ್ಕದಲ್ಲೇ ನೀರು. ಯಜಮಾನರನ್ನು ಕೇಳಿದೆವು. ಅವರು ಉತ್ತರ ಹೇಳುವ ಮುಂಚೆ ಒಳಗಿನಿಂದ ಅವರ ತಾಯಿ ಬಂದರು.

“ಹೊಳೆ ಬದಿ ಬ್ಯಾಡ ಮಗಾ. ಇಲ್ಲಿ ಮಳೆ ಬರ್ದೇ ಇದ್ರೂ ಹೊಳೆ ಬರ್ತದೆ.”

“ಆಕಾಶ ಸ್ವಚ್ಛ ಇದೆಯಲ್ಲ ಅಜ್ಜಿ” ಎಂದ ನನ್ನ ತಮ್ಮ.

“ಇಲ್ಲಿ ಸ್ವಚ್ಛ ಇದೆ. ಕುದುರೆಮುಖದ ತಲೆ ಮೇಲೆ ಏನಾಗ್ತಾ ಇದೆ ಅಂತ ನಿಂಗೆ ಕಾಣ್ತದಾ?”

ಅಜ್ಜಿ ಹೇಳಿದ್ದು ಆ ಹೊಳೆಯ ಭೂಗೋಳ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ. ಅಲ್ಲಿ ಮಧ್ಯಾಹ್ನ ಸುರಿದ ಮಳೆ ಕಡಿದಾದ ಕಣಿವೆಗಳಲ್ಲಿ ಧುಮುಕಿ ಕತ್ತಲಾಗುವಷ್ಟರಲ್ಲಿ ಕಳಸದ ಬಳಿ ಏರುತ್ತದೆ. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿಯನ್ನು ಮಳೆಗಾಲದಲ್ಲಿ ಮತ್ತೆ ಮತ್ತೆ ಪತ್ರಿಕೆಯಲ್ಲಿ ಓದಿದವರಿಗೆ ಇದು ಗೊತ್ತು. ಅಕ್ಟೋಬರಿನಲ್ಲೂ ಗುಡುಗು ಮಳೆ ಬಿಟ್ಟಿರುವುದಿಲ್ಲ. ಅಂದಿನಿಂದ ಹೊಳೆಗೆ ಹೋಗುವುದು ಕಾಲು ತೊಳೆಯಲು, ಕೂತು ನೋಡಲು ಮಾತ್ರ.

ಅವರು ಕೊಟ್ಟದ್ದು ಕಣ. ಕಾಫಿ ಒಣಗಿಸುವ ಸಿಮೆಂಟಿನ ಕಣ ಮಲೆನಾಡಿನಲ್ಲಿ ಸಿಗುವ ಅತಿ ಸಮತಟ್ಟಾದ ಜಾಗ. ನೀರು ನಿಲ್ಲದಂತೆ ತುಸು ವಾಟ ಕೊಟ್ಟಿರುತ್ತಾರೆ, ಮನೆ ಹತ್ತಿರವಿರುತ್ತದೆ, ಮೇಲೆ ಮರವಿರುವುದಿಲ್ಲ. ಮರವಿಲ್ಲದ್ದು ದೊಡ್ಡ ಅನುಕೂಲ: ಗಾಳಿಮಳೆಯಲ್ಲಿ ತೋಟದ ಸಿಲ್ವರ್ ಓಕಿನ ಒಣ ಕೊಂಬೆ ಮುರಿದು ಬೀಳುವುದು ಮಾಮೂಲು. ಆದರೆ ಸಿಮೆಂಟಿಗೆ ಗೂಟ ಹೋಗುವುದಿಲ್ಲ. ಆದ್ದರಿಂದ ಎರಡು ಕೋಲು ಅಡ್ಡಡ್ಡ ಬಾಗಿ ತಾನಾಗಿಯೇ ನಿಲ್ಲುವ ಟೆಂಟೇ ಬೇಕು. ಹಗ್ಗಗಳನ್ನು ಕಣದ ಅಂಚಿನ ಕಲ್ಲಿಗೆ, ಒಂದು ಕಡೆ ಬೈಕಿನ ಚಕ್ರಕ್ಕೆ ಕಟ್ಟುತ್ತೇವೆ. ಯಜಮಾನರು ಇಟ್ಟಿಗೆ ತಂದು ಕೊಡುತ್ತಾರೆ. ಅಜ್ಜಿ ಬಂದು ನಿಂತು, “ಈ ಬಟ್ಟೆ ಒಳಗೆ ನಿದ್ದೆ ಬರ್ತದಾ?” ಎಂದು ಪ್ರತಿಸಲವೂ ಕೇಳುತ್ತಾರೆ. ಟೆಂಟಿನ ಬಾಗಿಲ ಜಿಪ್ಪನ್ನು ಎಳೆದು ನೋಡಿ ಒಳಗೆ ಬಗ್ಗುತ್ತಾರೆ. ನಾವು ಕೊಟ್ಟ ದುಡ್ಡನ್ನು ಯಜಮಾನರು ಬೇಡವೆಂದರು. ಒತ್ತಾಯ ಮಾಡಿ ಕೊಟ್ಟೆವು. ಅವರ ಜಾಗ, ಅವರ ನೀರು, ಅವರ ಶೌಚಾಲಯ ಬಳಸಿ ಬರೀ ‘ಥ್ಯಾಂಕ್ಸ್’ ಹೇಳಿ ಬರುವುದು ಸಲ್ಲದು.

ಈ ಕಣ ವರ್ಷವಿಡೀ ಖಾಲಿ ಇರುವುದಿಲ್ಲ. ನವೆಂಬರ್ ದಾಟಿದರೆ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ. ಕಣದ ಮೇಲೆ ಹಣ್ಣು ಹರಡಿರುತ್ತದೆ. ಅಡಿಕೆ ಇರುವ ಮನೆಗಳಲ್ಲಿ ಅಂಗಳವೂ ಸಿಗುವುದಿಲ್ಲ. ಜನರಿಗೆ ಮೈಮುರಿ ಕೆಲಸವಿರುವ ಆ ದಿನಗಳಲ್ಲಿ ಮನೆಬಾಗಿಲಿಗೆ ಹೋಗಿ ನಿಲ್ಲುವುದು ನನಗೆ ಇಷ್ಟವಿಲ್ಲ. ಆಗ ಹೋಗುವುದಾದರೆ ಟೆಂಟ್ ಜಾಗ ಕೊಡುವ ಹೋಂಸ್ಟೇಗಳೇ ಸರಿ. ಮಳೆ ಹಿಂತೆಗೆದ ಮೇಲೆ, ಕೊಯ್ಲು ಹಿಡಿಯುವ ಮುಂಚೆ ಸಿಗುವ ಕೆಲವು ವಾರಗಳು ನಮ್ಮ ಪಾಲಿಗೆ ಉತ್ತಮ ಕಾಲ. ಗುಡ್ಡ ಹಸಿರಾಗಿರುತ್ತದೆ, ಝರಿಗಳಲ್ಲಿ ನೀರಿರುತ್ತದೆ.

ರಾತ್ರಿಯ ಚಳಿಯ ಬಗ್ಗೆ ನನ್ನ ವಿದ್ಯಾರ್ಥಿಗಳಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದಲ್ಲೇ ಅತಿ ಎತ್ತರದ ಶಿಖರ. ಮಂಗಳೂರಿನಲ್ಲಿ ಬೆವರುವ ಹೊತ್ತಿನಲ್ಲಿ ಅಲ್ಲಿ ಸ್ವೆಟರ್ ಬೇಕಾಗುವುದು ಇದಕ್ಕೇ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಯ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ತಳಕ್ಕಿಂತ ಸ್ವಲ್ಪ ಮೇಲಿನ ಜಾಗ ಬೆಚ್ಚಗಿರುತ್ತದೆ. ಹೊದಿಕೆ ಎಷ್ಟೇ ದಪ್ಪವಿದ್ದರೂ ಮೈಯ ಕೆಳಗೆ ಬಿದ್ದ ಭಾಗ ಅದುಮಿ ಹೋಗಿ ಅದರೊಳಗಿನ ಗಾಳಿ ಖಾಲಿಯಾಗುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಆಮೇಲೆ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗಿಗಿಂತ ಮೊದಲು ಒಳ್ಳೆಯ ಮ್ಯಾಟ್ ಕೊಳ್ಳಿ ಎನ್ನುವುದು ಈ ಕಾರಣಕ್ಕೆ.

ಬೆಳಿಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿದ್ದರೆ ಮಳೆ ಸೋರಿತೆಂದು ಗಾಬರಿಯಾಗಬೇಡಿ. ನಮ್ಮದೇ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗಿರುತ್ತದೆ. ಒಳಗೆ ಬಲೆಯ ಪದರ, ಹೊರಗೆ ಮಳೆ ತಡೆಯುವ ಪದರ, ನಡುವೆ ಗಾಳಿಯಾಡಲು ಜಾಗ ಇರುವ ಎರಡು ಪದರದ ಟೆಂಟು ಇದಕ್ಕೆ ಪರಿಹಾರ. ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚಿದರೆ ಒದ್ದೆ ಹೆಚ್ಚಾಗುತ್ತದೆ. ಟೆಂಟಿನ ಒಳಗೆ ಸ್ಟವ್ ಆಗಲಿ, ಕೆಂಡದ ಬಾಣಲೆಯಾಗಲಿ ಯಾವತ್ತೂ ಇಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇನ್ನು ಉಣುಗಿನ ವಿಷಯ. ಇದನ್ನು ಮಲೆನಾಡಿನ ಜನ ಚೆನ್ನಾಗಿ ಬಲ್ಲರು, ಹೊರಗಿನಿಂದ ಬರುವ ಬೈಕಿನವರಲ್ಲಿ ಹೆಚ್ಚಿನವರು ಕೇಳಿಯೇ ಇರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಾದದ್ದು ಮಂಗನ ಕಾಯಿಲೆ. ಇದರ ವೈರಾಣು ಮನುಷ್ಯರಿಗೆ ಬರುವುದು ಉಣುಗಿನ ಕಡಿತದಿಂದ. ಎಳೆಯ ಉಣುಗುಗಳು ಎಳ್ಳಿನಷ್ಟೂ ದೊಡ್ಡವಲ್ಲ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನವೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಇವುಗಳ ಕಾಟ. ತರಗೆಲೆ ಇವಕ್ಕೆ ಮನೆ. ಕಾಡಂಚಿನಲ್ಲಿ ತರಗೆಲೆಯ ಮೇಲೆ ಮೆತ್ತಗಿದೆಯೆಂದು ಟೆಂಟ್ ಹಾಕುವವರು, ಅಲ್ಲೇ ಒರಗಿ ಕೂರುವವರು ತಿಳಿಯದೆ ಅಪಾಯಕ್ಕೆ ಮೈಯೊಡ್ಡುತ್ತಾರೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಆರೋಗ್ಯ ಇಲಾಖೆ ಈ ಊರುಗಳಲ್ಲಿ ಹಂಚುವ ಡೆಪಾ ತೈಲ ಹಚ್ಚಿಕೊಳ್ಳಿ. ಸಂಜೆ ಮೈಯೆಲ್ಲ ನೋಡಿಕೊಂಡು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಪ್ರವಾಸದಿಂದ ಬಂದು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದರೆ ವೈದ್ಯರಿಗೆ ‘ಮಲೆನಾಡಿಗೆ ಹೋಗಿದ್ದೆ’ ಎಂದು ತಪ್ಪದೆ ಹೇಳಿ. ಈ ಕಾಯಿಲೆಗೆಂದೇ ಔಷಧವಿಲ್ಲ, ಬೇಗ ಆಸ್ಪತ್ರೆ ಸೇರುವುದೇ ದಾರಿ.

ಇಂಬಳದ ಭಯ ಇದರ ಮುಂದೆ ಏನೂ ಅಲ್ಲ. ಉಪ್ಪು, ಹೊಗೆಸೊಪ್ಪು ಸಾಕು. ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ.

ಕಳಸದಿಂದ ಮುಂದಿನ ದಾರಿ ಸಂಸೆಯ ಚಹಾ ತೋಟ ದಾಟಿ ಕುದುರೆಮುಖ ಪಟ್ಟಣಕ್ಕೆ. 1976ರಲ್ಲಿ ಹುಟ್ಟಿದ ಕಬ್ಬಿಣದ ಅದಿರು ಕಂಪನಿಗಾಗಿ ಕಟ್ಟಿದ ಊರು ಇದು. ಇಲ್ಲಿಂದ ಅದಿರು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿನವರೆಗೆ ಹರಿದು ಹೋಗುತ್ತಿತ್ತು. 1987ರಲ್ಲಿ ಸುತ್ತಲಿನ 600 ಚದರ ಕಿಲೋಮೀಟರಿನಷ್ಟು ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಈಗ ಸಾಲು ಸಾಲು ಮನೆಗಳು ಬೀಗ ಹಾಕಿಕೊಂಡು ಪಾಚಿಗಟ್ಟಿವೆ. ಗಣಿ ನಿಂತದ್ದು ಸರಿ ಎಂದೇ ನಾನು ನಂಬಿದ್ದೇನೆ. ಮೂರು ನದಿಗಳ ನೆತ್ತಿಯ ಮೇಲೆ ಅಗೆಯುವುದನ್ನು ಒಪ್ಪಲಾಗದು. ಆದರೂ ಆ ಬೀದಿಯಲ್ಲಿ ಬೈಕು ನಿಲ್ಲಿಸಿದಾಗ, ಇಲ್ಲಿ ಆಡಿ ಬೆಳೆದ ಮಕ್ಕಳು ಈಗ ಎಲ್ಲಿದ್ದಾರೋ ಅನಿಸುತ್ತದೆ.

ಮುಂದೆ ಚೆಕ್‌ಪೋಸ್ಟಿನಲ್ಲಿ ಹೊತ್ತು ನಮೂದಿಸಿದ ಚೀಟಿ ಕೊಡುತ್ತಾರೆ. ಆ ಕಡೆಯ ಚೆಕ್‌ಪೋಸ್ಟನ್ನು ಗೊತ್ತುಪಡಿಸಿದ ಅವಧಿಯೊಳಗೆ ತಲುಪಬೇಕು. ನಡುವೆ ಇಳಿದು ಅಡುಗೆ, ಫೋಟೊ, ಹಾಡು ಏನೂ ಇಲ್ಲ. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಈ ಚೀಟಿಯಿಂದಲೇ ಆ ಹುಲ್ಲುಗುಡ್ಡಗಳ ಮೇಲೆ ಒಂದೂ ಪ್ಲಾಸ್ಟಿಕ್ ತಟ್ಟೆ ಬೀಳದೆ ಉಳಿದಿದೆ ಅನಿಸುತ್ತದೆ. ಕಾಡಿನೊಳಗೇ ರಾತ್ರಿ ಕಳೆಯುವ ಆಸೆಯಿದ್ದರೆ ಈ ದಾರಿಯಲ್ಲಿ ಭಗವತಿ ಪ್ರಕೃತಿ ಶಿಬಿರವಿದೆ. ಮುಂಗಡವಾಗಿ ಕಾದಿರಿಸಿ ಹೋಗಬೇಕು. ಕುದುರೆಮುಖ ಶಿಖರದ ಚಾರಣಕ್ಕೂ ಮೊದಲೇ ಹೆಸರು ನೋಂದಾಯಿಸಿ, ಅದೇ ಸಂಜೆ ಇಳಿದು ಬರಬೇಕು. ಮೇಲೆ ಟೆಂಟಿಗೆ ಅವಕಾಶವಿಲ್ಲ.

ಹೊಳೆಯ ನೀರಿಗೆ ಸೋಪು ಸೇರಿಸಬೇಡಿ. ಕಳಸದ ಅಂಬಾತೀರ್ಥದ ಬಂಡೆಗಳ ನಡುವೆ ಹಾಲಿನ ನೊರೆಯೆಬ್ಬಿಸಿ ಓಡುವ ಅದೇ ಭದ್ರೆ ಕೆಳಗಿನ ಊರುಗಳಿಗೆ ಕುಡಿಯುವ ನೀರು. ಪಾತ್ರೆ ತೊಳೆಯುವುದಿದ್ದರೆ ನೀರು ತಂದು ದೂರದಲ್ಲಿ ತೊಳೆಯಿರಿ. ಶೌಚಾಲಯವಿಲ್ಲದ ಕಡೆ ನೀರಿನಿಂದ 200 ಅಡಿ ದೂರದಲ್ಲಿ ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು. ಹಲಸು, ಬಾಳೆ, ಉಪ್ಪು ಟೆಂಟಿನೊಳಗೆ ಇಡಬಾರದು. ಆನೆಯ ಮೂಗು ಬಹಳ ಚುರುಕು. ಆನೆ ಓಡಾಡುವ ಊರಾದರೆ ಟೆಂಟಿನ ಮಾತು ಬಿಟ್ಟು ಮನೆಯೊಳಗೇ ಮಲಗಿ. ಅದನ್ನು ತೀರ್ಮಾನಿಸಬೇಕಾದವರು ಆ ಊರಿನವರು.

ಈ ವರ್ಷ ಹೊರಡುವ ಯೋಚನೆಯಿದ್ದವರು ಗಾಡಿ ಸರ್ವಿಸಿಗೆ ಬಿಡುವ ಮುಂಚೆ ಕಳಸ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಪರಿಚಯದವರಿಗೋ ಹೋಂಸ್ಟೇಯವರಿಗೋ ಒಂದು ಫೋನ್ ಮಾಡಿ. ‘ಟೆಂಟ್ ಹಾಕೋಕೆ ಜಾಗ ಇದೆಯಾ, ಆನೆ ಬರ್ತಾವಾ, ಕೊಯ್ಲು ಯಾವಾಗ’ ಎಂದು ಮೂರು ಮಾತು ಕೇಳಿ. ಅವರು ‘ಈಗ ಬೇಡ’ ಎಂದರೆ ಬೇರೆ ತಿಂಗಳು ಹೋಗಿ. ‘ಬನ್ನಿ’ ಎಂದರೆ ನಾಲ್ಕು ಗಂಟೆಯೊಳಗೆ ಅವರ ಅಂಗಳದಲ್ಲಿರಿ.